ಬಿ ವಿಂಗ್ ಪಾರ್ಕಿಂಗಿಗೆ ಬಂದ ಹಡಗು

ನಮ್ಮ ಮನೆಯಲ್ಲಿ ಮಧ್ಯಾಹ್ನದ ಊಟ ದಿನಕ್ಕೆ ಮುಕ್ಕಾಲು ಗಂಟೆ ಮುಂದೆ ಜರುಗುತ್ತದೆ. ಸೋಮವಾರ ಹನ್ನೆರಡಕ್ಕೆ ಉಂಡರೆ ಮಂಗಳವಾರ ಹನ್ನೆರಡೂ ಮುಕ್ಕಾಲಿಗೆ, ಬುಧವಾರ ಒಂದೂವರೆಗೆ. ಶನಿವಾರದ ಹೊತ್ತಿಗೆ ಸಾರನ್ನ ಹೋಗಿ ಸಂಜೆಯ ಚಹಾಕ್ಕೆ ಡಿಕ್ಕಿ ಹೊಡೆಯುತ್ತದೆ. ಡೊಂಬಿವಲಿಯ ಉಳಿದ ಜನರೆಲ್ಲ ಎಂಟೂ ಹನ್ನೆರಡರ ಫಾಸ್ಟು, ಎಂಟೂ ಇಪ್ಪತ್ತೊಂದರ ಸ್ಲೋ ಅಂತ ಟ್ರೇನು ನೋಡಿ ಬದುಕುತ್ತಾರೆ. ನಾವು ಮಾತ್ರ ಸಮುದ್ರ ನೋಡಿ ಬದುಕುತ್ತೇವೆ. ಸಮುದ್ರವೇನೂ ನಮ್ಮ ಮನೆಯಿಂದ ಕಾಣುವುದಿಲ್ಲ. ಅಡುಗೆಮನೆಯ ಕಿಟಕಿಯಿಂದ ಕತ್ತು ಮುರಿಯುವಷ್ಟು ಬಗ್ಗಿದರೆ, ಸಮುದ್ರದ ನೀರು ಊರೊಳಗೆ ನುಗ್ಗಿ ಬರುವ ಖಾಡಿಯ ಒಂದು ತುಂಡು ಕಾಣುತ್ತದೆ. ಅದೂ ಎ ವಿಂಗಿನವರು ಬಟ್ಟೆ ಒಣಗಿಸದ ದಿನ.

ಇದಕ್ಕೆಲ್ಲ ಕಾರಣ ದೊಡ್ಡಮ್ಮ. ಅಮ್ಮನ ಅಕ್ಕ, ಮದುವೆಯಾಗದವರು, ನಮ್ಮ ಜೊತೆಗೇ ಇರುವವರು. ಅವರು ಕಡಲು, ಖಾಡಿ, ಹಳೆಯ ಬಂದರು, ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಕಾಡು, ಉಪ್ಪಿನ ಗದ್ದೆ ಇವುಗಳ ಚರಿತ್ರೆಯನ್ನು ಕನ್ನಡದಲ್ಲಿ ಪುಸ್ತಕ ಬರೆಯುತ್ತಾರೆ. ಖಾಡಿಯ ನೀರು ಇಳಿದಾಗ ಕೆಸರಿಗೆ ಹೋಗುತ್ತಾರೆ, ನೀರು ಏರಿದಾಗ ಮನೆಗೆ ಬರುತ್ತಾರೆ. ಅಕ್ಕ ಬಾರದೆ ಅಮ್ಮ ತಟ್ಟೆ ಹಾಕುವುದಿಲ್ಲ. ಇಳಿತದ ಹೊತ್ತು ದಿನವೂ ಜರುಗುತ್ತದೆ, ಅದರ ಬೆನ್ನಿಗೆ ನಮ್ಮ ಹೊಟ್ಟೆಯೂ ಜರುಗುತ್ತದೆ.

ಅಪ್ಪ ಧಾರವಾಡದ ಕಡೆಯವರು. ರಜಾದಿನ ಖಾಲಿ ತಟ್ಟೆಯ ಮುಂದೆ ಕೂತು ಹೇಳುವ ಮಾತು ಯಾವಾಗಲೂ ಒಂದೇ. "ಇಡೀ ಡೊಂಬಿವಲಿ ಗಡಿಯಾರ ನೋಡಿ ಉಣ್ತದ. ನಾವಷ್ಟ ಚಂದ್ರನ್ನ ನೋಡಿ ಉಣಬೇಕು. ನಾವೇನು ಏಡಿಯೇನು?"

"ಸುಮ್ಮನೆ ಕೂತ್ಕೊಳ್ಳಿ. ಅಕ್ಕ ಈಗ ಬರ್ತಾಳೆ," ಎನ್ನುತ್ತಾರೆ ಅಮ್ಮ.

ಅಕ್ಕ ಬರುತ್ತಾರೆ. ಚೂಡಿದಾರದ ಮೇಲೆ ಮೊಣಕಾಲಿನವರೆಗೆ ಗಂಬೂಟು, ಕೈಯಲ್ಲಿ ಬಟ್ಟೆಯಿಲ್ಲದ ಕೊಡೆಯ ಕೋಲು. ಕೆಸರಿನ ಆಳ ಅಳೆಯಲು ಆ ಕೋಲಿಗೆ ಉಗುರುಬಣ್ಣದಿಂದ ಗೆರೆ ಎಳೆದಿದ್ದಾರೆ. ಲಿಫ್ಟಿನಲ್ಲಿ ಅವರ ಜೊತೆ ಹತ್ತಿದವರು ಎರಡನೇ ಮಹಡಿಗೇ ಇಳಿದು ಮೆಟ್ಟಿಲು ಹಿಡಿಯುತ್ತಾರೆ.

ದೊಡ್ಡಮ್ಮ ಮೊದಲಿನಿಂದ ಹೀಗೆ ಕೆಸರಿನಲ್ಲಿ ಇದ್ದವರಲ್ಲ. ತಲೆಗೂದಲು ಬೆಳ್ಳಗಾಗುವವರೆಗೆ ನವಿ ಮುಂಬಯಿಯ ಬಂದರಿನ ಕಡೆ ಒಂದು ಕ್ಲಿಯರಿಂಗ್ ಏಜೆಂಟರ ಆಫೀಸಿನಲ್ಲಿ ಗುಮಾಸ್ತೆಯಾಗಿದ್ದರು. ಯಾವ ಹಡಗು, ಎಲ್ಲಿಂದ ಬಂತು, ಹೊಟ್ಟೆಯಲ್ಲಿ ಏನು ಅಂತ ಫಾರ್ಮು ತುಂಬಿಸುವ ಕೆಲಸ. ಚೀನಾದಿಂದ ಬಂದ ಪ್ಲಾಸ್ಟಿಕ್ ಬಕೆಟ್ಟಿಗೂ ಒಂದು ಹುಟ್ಟೂರು, ಒಂದು ಪ್ರಯಾಣ, ಒಂದು ಸಹಿ ಇತ್ತು. ಕಿಟಕಿಯ ಹೊರಗಿದ್ದ ನೆಲಕ್ಕೆ ಮಾತ್ರ ಏನೂ ಇರಲಿಲ್ಲ. ಕಂಟೇನರುಗಳ ರಾಶಿ ಬೀಳುವ ಮೊದಲು ಅಲ್ಲಿ ಏನಿತ್ತು ಎಂದು ಅವರು ಕೇಳಿದರೆ ಆಫೀಸಿನವರು "ಕುಛ್ ನಹೀ ಥಾ, ಪಾನೀ ಥಾ" ಎನ್ನುತ್ತಿದ್ದರಂತೆ. ಏನೂ ಇರಲಿಲ್ಲ, ನೀರಿತ್ತು. ಈ ಒಂದು ವಾಕ್ಯದ ಮೇಲಿನ ಸಿಟ್ಟಿಗೆ ದೊಡ್ಡಮ್ಮ ನಾಲ್ಕು ಪುಸ್ತಕ ಬರೆದರು. ಮೊದಲನೆಯದನ್ನು ಪೂರ್ತಿಯಾಗಿ ಹಾಳಾದ ಫಾರ್ಮುಗಳ ಬೆನ್ನಿನ ಮೇಲೆ, ಮನೆಗೆ ಬರುವ ಟ್ರೇನಿನಲ್ಲಿ ನಿಂತೇ ಬರೆದರು. ಅಕ್ಷರ ನೋಡಿದರೆ ಟ್ರೇನು ಯಾವ ಸ್ಟೇಷನ್ನಿನಲ್ಲಿ ಬ್ರೇಕು ಹಾಕಿತು ಅಂತ ಹೇಳಬಹುದು.

ಅವರ ಪುಸ್ತಕಗಳನ್ನು ಮಂಗಳೂರಿನ ಒಂದು ಸಣ್ಣ ಪ್ರೆಸ್ಸಿನವರು ಅಚ್ಚು ಹಾಕುತ್ತಾರೆ. ಮಾರಾಟವಾಗದವು ನಮ್ಮ ಅಟ್ಟದಲ್ಲಿ ಗಣಪತಿಯ ಥರ್ಮಾಕೋಲ್ ಮಂಟಪ ಮತ್ತು ಕೆಟ್ಟ ಮಿಕ್ಸಿಯ ಜೊತೆ ವಾಸವಾಗಿವೆ. ನನ್ನ ಗೆಳೆಯರಿಗೆ ನಾನು ಹೇಳಿರುವುದು ಬೇರೆ. ಅವರ ಲೆಕ್ಕದಲ್ಲಿ ನನ್ನ ದೊಡ್ಡಮ್ಮ ಮುಳುಗಿದ ಹಡಗುಗಳ ತಜ್ಞೆ, ನೌಕಾಪಡೆಯವರು ಏನಾದರೂ ಅನುಮಾನ ಬಂದರೆ ಮೊದಲು ಅವರಿಗೆ ಫೋನು ಮಾಡುತ್ತಾರೆ.

ಮೊದಲ ಪುಸ್ತಕದಲ್ಲಿ ಒಂದು ತಪ್ಪಾಗಿತ್ತು. ಖಾಡಿಯ ಬಾಯಿಂದ ಒಂದು ಬಗೆಯ ದೋಣಿ ಉಪ್ಪು ತುಂಬಿಕೊಂಡು ಕೊಂಕಣದ ಕಡೆ ಹೋಗುತ್ತಿತ್ತು ಅಂತ ಒಬ್ಬ ಅಜ್ಜ ಹೇಳಿದ್ದನ್ನು ಹಾಗೆಯೇ ಬರೆದಿದ್ದರು. ಕರಾವಳಿಯ ನಿವೃತ್ತ ಮೇಷ್ಟರೊಬ್ಬರು ಕಾರ್ಡು ಹಾಕಿದರು: ನನ್ನ ತಂದೆ ಆ ದೋಣಿಯಲ್ಲೇ ಇದ್ದರು, ಅದರಲ್ಲಿ ಇದ್ದದ್ದು ಉಪ್ಪಲ್ಲ, ಸುಣ್ಣ ಸುಡುವ ಚಿಪ್ಪು. ಅಮ್ಮ ಹೇಳುವ ಪ್ರಕಾರ ದೊಡ್ಡಮ್ಮ ಅಂದು ಎರಡು ಇಳಿತ ಊಟ ಮಾಡಲಿಲ್ಲ. ಆಮೇಲೆ ಅಟ್ಟದ ಪ್ರತಿಗಳನ್ನೆಲ್ಲ ಇಳಿಸಿ, ಒಂದೊಂದರಲ್ಲೂ ಪೆನ್ನಿನಿಂದ ಉಪ್ಪು ಹೊಡೆದು ಚಿಪ್ಪು ಬರೆದರು. ಕೊಂಡವರ ಮನೆಗಳಿಗೂ ಹೋದರು. ಠಾಣೆ ಊರಿನಲ್ಲಿ ಒಬ್ಬರ ಮನೆಯಲ್ಲಿ ಸತ್ಯನಾರಾಯಣ ಪೂಜೆ ನಡೆದಿತ್ತಂತೆ. ಭಟ್ಟರು ಕಥೆಯ ಮೂರನೇ ಅಧ್ಯಾಯದಲ್ಲಿದ್ದಾಗ ಇವರು ಒಳಗೆ ನುಗ್ಗಿ, ಶೋಕೇಸಿನಿಂದ ಪುಸ್ತಕ ತೆಗೆದು, ತಿದ್ದಿ, ಪ್ರಸಾದ ತೆಗೆದುಕೊಂಡು ಬಂದರಂತೆ.

ಅಂದಿನಿಂದ ಅವರ ಕೆಲಸಕ್ಕೆ ಎರಡು ಕಟ್ಟಳೆ ಹುಟ್ಟಿಕೊಂಡವು. ಒಂದು, ಯಾವ ಮಾತಿಗೂ ಎರಡು ಬಾಯಿ ಬೇಕು, ಆ ಎರಡು ಬಾಯಿಗಳು ಒಂದನ್ನೊಂದು ನೋಡಿರಬಾರದು. ಇನ್ನೊಂದು, ಅಚ್ಚಿಗೆ ಹೋಗುವ ಮೊದಲು ಹೇಳಿದವರ ಮನೆಬಾಗಿಲಿಗೇ ಹೋಗಿ ಅವರ ಮಾತನ್ನು ಅವರಿಗೆ ಓದಿ ಹೇಳಬೇಕು. ಮೊದಲನೆಯದು ನನಗೆ ಚೆನ್ನಾಗಿ ನೆನಪಿತ್ತು. ಎರಡನೆಯದು ಸರಿಯಾದ ಹೊತ್ತಿಗೆ ಮರೆತುಹೋಯಿತು.

ಈಗ ಬರುವ ಐದನೇ ಪುಸ್ತಕದ ಕೊನೆಯ ಅಧ್ಯಾಯ ನಮ್ಮದೇ ಖಾಡಿಯ ಬಗ್ಗೆ. ಮಳೆಗಾಲದಲ್ಲಿ ಕಡಲು ಉಕ್ಕಿ ದೊಡ್ಡ ಭರತ ಬಂದಾಗ ನಮ್ಮ ಬಿ ವಿಂಗಿನ ಪಾರ್ಕಿಂಗಿನಲ್ಲಿ ನೀರು ನಿಲ್ಲುತ್ತದೆ. ಎಲ್ಲರೂ ಸ್ಕೂಟರು ಎಳೆದಾಡುತ್ತಿರುವಾಗ ದೊಡ್ಡಮ್ಮ ನಡುವೆ ನಿಂತು ಕೊಡೆಯ ಕೋಲಿನಿಂದ ಆಳ ಅಳೆಯುತ್ತಾರೆ. "ಇದು ನೆರೆ ಅಲ್ಲ ಮಾರಾಯ್ರೇ. ಖಾಡಿ ತನ್ನ ಮನೆಗೆ ಬಂದದ್ದು. ಬಾಡಿಗೆಗೆ ಕೂತದ್ದು ನಾವು," ಎಂದು ಸೊಸೈಟಿಯ ಸೆಕ್ರೆಟರಿಗೆ ಹೇಳಿದ್ದರು. ಕಾರಿನ ಇಂಜಿನ್ನಿಗೆ ನೀರು ನುಗ್ಗಿದ್ದ ಸೆಕ್ರೆಟರಿ ಅದನ್ನು ಅಷ್ಟು ಖುಷಿಯಿಂದ ಕೇಳಿಸಿಕೊಳ್ಳಲಿಲ್ಲ. ಖಾಡಿ ನಿಜವಾಗಿ ಇಲ್ಲಿಯವರೆಗೆ ಇತ್ತು ಅಂತ ತೋರಿಸಬೇಕು, ಆಮೇಲೆ ಅದನ್ನು ಯಾರು, ಯಾವುದರಿಂದ ತುಂಬಿದರು ಅಂತ ಬರೆಯಬೇಕು. ಇದೇ ದೊಡ್ಡಮ್ಮನ ಆಸೆ.

ಮೊದಲ ಬಾಯಿ ನಮ್ಮ ಹತ್ತಿರವೇ ಸಿಕ್ಕಿತು. ಖಾಡಿಯ ದಡದ ಗಾವಠಾಣದಲ್ಲಿ, ಅಂದರೆ ಮೂಲ ಹಳ್ಳಿಯಲ್ಲಿ, ಒಬ್ಬ ಮುದಿ ತಾಂಡೇಲರಿದ್ದಾರೆ. ತಾಂಡೇಲ ಎಂದರೆ ದೋಣಿ ನಡೆಸುವ ಯಜಮಾನ. ಇವರು ಕೆಲಸ ನಿಲ್ಲಿಸುವವರೆಗೆ ಮರಳಿನ ದೋಣಿ ನಡೆಸಿದವರು. ಅವರ ಮರಾಠಿಯ ವೇಗಕ್ಕೆ ದೊಡ್ಡಮ್ಮನಿಗೆ ಉಸಿರು ಸಾಲದು, ಹಾಗಾಗಿ ನಾನು ದುಭಾಷಿ. ಇಲ್ಲೇ ಹುಟ್ಟಿದವನಾದ್ದರಿಂದ ನನಗೆ ಮರಾಠಿ ನೀರು ಕುಡಿದಂತೆ. ಕನ್ನಡ ಅಕ್ಷರ ಕಲಿತದ್ದು ದೊಡ್ಡಮ್ಮನ ಕೈಬರಹ ನಕಲು ಮಾಡಿ. ಬೇರೆ ಮಕ್ಕಳಿಗೆ ಅ ಅಂದರೆ ಅರಸ, ನನಗೆ ಅ ಅಂದರೆ ಅಳಿವೆ.

ತಾಂಡೇಲರು ಹೇಳಿದ್ದು ಇಷ್ಟು. ಮಂಗಳೂರಿನಿಂದ ಹೆಂಚು ತುಂಬಿಕೊಂಡು ಮಂಜಿಗಳು, ಅಂದರೆ ದೊಡ್ಡ ಹಾಯಿಹಡಗುಗಳು, ಖಾಡಿಯೊಳಗೆ ಬರುತ್ತಿದ್ದವು. ದಾರಿ ತೋರಿಸಲು ಮುಂದಿನ ದೋಣಿಯಲ್ಲಿ ಅವರ ಅಪ್ಪ. ದೇವಸ್ಥಾನದ ಕಳಶ ಮತ್ತು ಒಂದು ತಾಳೆಮರ ಒಂದೇ ಗೆರೆಗೆ ಬಂದಾಗ ಹಡಗು ತಿರುಗಿಸಿ, ಅರಳಿಮರದ ತಿರುವಿನಲ್ಲಿ ಲಂಗರು. ಆ ಅರಳಿಮರ ಈಗಿಲ್ಲ. ಅದಿದ್ದ ಜಾಗದಲ್ಲಿ ನಮ್ಮ ಬಿ ವಿಂಗ್ ಇದೆ.

ನಾನು ಮನೆಗೆ ಬರುವಷ್ಟರಲ್ಲಿ ಆ ಹಡಗಿಗೆ ಮೂರು ಕಂಬ ಮೊಳೆತಿದ್ದವು. ಸಂಜೆ ಕ್ರಿಕೆಟ್ ಆಡುವ ಟರ್ಫಿನಲ್ಲಿ ಅದಕ್ಕೆ ಪಿರಂಗಿ ಬಂತು. ಮೂರು ದಿನದಲ್ಲಿ ಸೊಸೈಟಿಯ ವಾಟ್ಸಾಪ್ ಗ್ರೂಪಿನಲ್ಲಿ ಯಾರ ಆ್ಯಕ್ಟಿವಾ ಯಾವ ಹಾಯಿಯ ಕೆಳಗೆ ನಿಂತಿದೆ ಅಂತ ನಾನು ನಕ್ಷೆ ಹಾಕಿದ್ದೆ. ವಾಚ್‌ಮನ್ ನನಗೆ ಸಲಾಮು ಹೊಡೆಯತೊಡಗಿದ. ಎ ವಿಂಗಿನ ಅಂಕಲ್ ಒಬ್ಬರು ಲಿಫ್ಟಿನಲ್ಲಿ ಹಿಡಿದು, "ಹಮಾರೆ ಸೈಡ್ ಕುಛ್ ನಹೀ ಆಯಾ ಕ್ಯಾ?" ಅಂತ ಬೇಸರದಿಂದ ಕೇಳಿದರು. ಪಾಪ ಅನಿಸಿ ಅವರಿಗೂ ಒಂದು ಸಣ್ಣ ದೋಣಿ ಕೊಟ್ಟೆ. ಪುಸ್ತಕ ಬರುವಷ್ಟರಲ್ಲಿ ಬಿ ವಿಂಗಿನ ಗೋಡೆಗೆ ಲಂಗರಿನ ಚಿತ್ರ ಬರೆಸೋಣ ಎಂದು ಸೆಕ್ರೆಟರಿ ಗ್ರೂಪಿನಲ್ಲಿ ಹಾಕಿದರು. ಅಷ್ಟು ಹೊತ್ತಿಗೆ ಆ ಹಡಗು ಬಂದೇ ಬಂದಿರಬೇಕಾದದ್ದು ನನಗೆ ದೊಡ್ಡಮ್ಮನಿಗಿಂತ ಜರೂರಾಗಿತ್ತು.

ಎರಡನೇ ಬಾಯಿಯ ಸುಳಿವು ಕೊಟ್ಟವಳು ಮೀನು ಮಾರುವ ಮಾವಶಿ. ಹರೆಯದಲ್ಲಿ ಹೆಂಚಿನ ಮಂಜಿಯಲ್ಲಿ ಕೆಲಸ ಮಾಡಿದ ಒಬ್ಬ ಅಜ್ಜ ಕಾಮೋಠೆಯಲ್ಲಿದ್ದಾರೆ ಎಂದಳು. ದೊಡ್ಡಮ್ಮನಿಗೆ ಆ ವಾರ ಮೊಣಕಾಲು ಊದಿತ್ತು, ಪ್ರೆಸ್ಸಿನವರು ಅವಸರ ಮಾಡುತ್ತಿದ್ದರು. "ನೀನೊಬ್ಬನೇ ಹೋಗಿ ಬರ್ತಿಯಾ ಮಗಾ? ನೀನಾಗಿ ಏನೂ ಹೇಳಿಕೊಡ್ಬೇಡ. ಹಡಗು ಎಲ್ಲಿವರೆಗೆ ಬರ್ತಿತ್ತು ಅಂತ ಅಷ್ಟೇ ಕೇಳು," ಎಂದರು.

ಶನಿವಾರ ಮಧ್ಯಾಹ್ನ ಹೋದೆ. ಠಾಣೆಗೆ ಹೋಗಿ, ಅಲ್ಲಿಂದ ಪನ್ವೇಲ್ ಟ್ರೇನು ಹಿಡಿದು, ಇಳಿದು, ರಿಕ್ಷಾದವನ ಹತ್ತಿರ ಜಗಳವಾಡಿ ಮನೆ ಹುಡುಕಿದರೆ ಬಾಗಿಲಿಗೆ ಬೀಗ. ಅಜ್ಜ ಮಗಳ ಮನೆಗೆ ಹೋಗಿದ್ದಾರೆ, ಒಂದೆರಡು ತಿಂಗಳು ಅಲ್ಲೇ ಇರಬಹುದು, ಶಹಾಡಿನಲ್ಲಿ ಸ್ಟೇಷನ್ ಹತ್ತಿರವೇ ಚಾಳು ಎಂದರು ಪಕ್ಕದ ಮನೆಯವರು. ಶಹಾಡ್ ಎಂದರೆ ಕಲ್ಯಾಣ ದಾಟಿ ಒಂದು ಸ್ಟೇಷನ್, ನಾನು ಬಂದ ದಿಕ್ಕಿಗೆ ಸರಿಯಾಗಿ ಉಲ್ಟಾ. ಆರು ಗಂಟೆಗೆ ನನಗೆ ಬಾಕ್ಸ್ ಕ್ರಿಕೆಟ್ಟಿನ ಸೆಮಿಫೈನಲ್.

ಹಾಗಾಗಿ ವಾಪಸಿನ ಟ್ರೇನಿನಲ್ಲಿ ಕೂತು ಅಜ್ಜನನ್ನು ನಾನೇ ತಯಾರಿಸಿದೆ. ರೆಕಾರ್ಡು ಮಾಡಲು ಒಪ್ಪಲಿಲ್ಲ ಎಂದು ಮೊದಲ ಸಾಲಿನಲ್ಲೇ ಬರೆದುಕೊಂಡೆ. ಆಮೇಲೆ ಅವರನ್ನು ದೋಣಿಯ ತುದಿಯಲ್ಲಿ ಬಲೆ ಹೊಲಿಯುತ್ತ ಕೂರಿಸಿದೆ. ಇಳಿಬಿಟ್ಟ ಕಾಲಿಗೆ ಖಾಡಿಯ ನೀರು ಪಟಪಟ ಬಡಿಯುತ್ತಿತ್ತು. ಎಡಗಾಲಿನಲ್ಲಿ ಎರಡು ಬೆರಳಿರಲಿಲ್ಲ, ಹಡಗಿನ ಹಗ್ಗಕ್ಕೆ ಸಿಕ್ಕಿ ಹೋಗಿದ್ದವು. ಹೆಗಲ ಮೇಲೆ ಒಂದು ಗಿಳಿ ಕೂರಿಸಿದ್ದೆ, ಅತಿಯಾಯಿತು ಅನಿಸಿ ಹೊಡೆದು ಹಾಕಿ ಬದಲಿಗೆ ಒಂದು ಕುಂಟ ನಾಯಿ ಹಾಕಿದೆ. ಹಡಗು ಎಲ್ಲಿವರೆಗೆ ಬರುತ್ತಿತ್ತು ಎಂಬುದಕ್ಕೆ ಅಜ್ಜ ದೂರಕ್ಕೆ ಕಣ್ಣು ನೆಟ್ಟು, "ಅರಳಿಮರದ ತಿರುವಿನವರೆಗೆ" ಎಂದರು. ಐರೋಲಿ ದಾಟುವಷ್ಟರಲ್ಲಿ ನನಗೇ ಅವರ ಮೇಲೆ ಪ್ರೀತಿ ಹುಟ್ಟಿತ್ತು. ಸೆಮಿಫೈನಲ್ಲಿನಲ್ಲಿ ಮೊದಲ ಚೆಂಡಿಗೇ ಔಟಾದೆ. ಅದನ್ನು ಹಿಗ್ಗಿಸಲು ಏನೂ ಉಳಿದಿರಲಿಲ್ಲ.

ದೊಡ್ಡಮ್ಮ ಮೂರು ಸಲ ಓದಿದರು. ಮೂರನೇ ಸಲ ಕನ್ನಡಕ ತೆಗೆದು ಒರೆಸಿಕೊಂಡರು. "ಸಿಕ್ಕಿತು ಮಾರಾಯ! ಅದೇ ಮರ, ಅದೇ ತಿರುವು! ಇಬ್ಬರೂ ಒಬ್ಬರನ್ನೊಬ್ಬರು ನೋಡಿಯೇ ಇಲ್ಲ!" ಊದಿದ ಮೊಣಕಾಲಿನಲ್ಲೇ ಅಡುಗೆಮನೆಗೆ ಹೋಗಿ ಗೋಳಿಬಜೆ ಕರಿದರು. ನಾನು ಹನ್ನೊಂದು ತಿಂದೆ. ಏಳನೆಯದಕ್ಕೇ ಸಾಕಾಗಿತ್ತು, ಆದರೂ ತಿಂದೆ, ಬಿಟ್ಟರೆ ಸಂಶಯ ಬರುತ್ತದೆ ಅಂತ.

ಅಧ್ಯಾಯ ಮುಗಿಯಿತು. ಒಂದು ಸೋಮವಾರ ಪ್ರೂಫು ಬಂತು. ಅಂದು ಊಟದ ಹೊತ್ತಿಗೆ ದೊಡ್ಡಮ್ಮ ತಣ್ಣಗೆ, "ಭಾನುವಾರ ಕಾಮೋಠೆಗೆ ಹೋಗುವ. ಅಜ್ಜನಿಗೆ ಓದಿ ಹೇಳ್ಬೇಕಲ್ಲ," ಎಂದರು.

ಆ ವಾರ ನಾನು ಒಂದು ಕಡೆ ಐದು ನಿಮಿಷ ಕೂರಲಿಲ್ಲ. ಕೂತರೆ ಕಾಲು ತಾನಾಗಿ ಅಲುಗುತ್ತಿತ್ತು. ಮಂಗಳವಾರ, "ಭಾನುವಾರ ಮೆಗಾಬ್ಲಾಕ್ ಇದೆ ದೊಡ್ಡಮ್ಮ, ಟ್ರೇನಿಲ್ಲ," ಎಂದೆ.

"ಅದು ಬೇರೆ ಲೈನಿನಲ್ಲಿ. ನೋಡಿದ್ದೇನೆ."

ಬುಧವಾರ, "ಆ ಅಜ್ಜನಿಗೆ ಕಿವಿ ಸ್ವಲ್ಪ ವೀಕು."

"ಗಟ್ಟಿ ಓದುವ."

ಗುರುವಾರ, "ನಾಯಿ ಕಚ್ಚುತ್ತೆ."

"ಕುಂಟ ನಾಯಿ ಅಂತ ನೀನೇ ಬರ್ದಿದ್ದಿ. ಓಡಿದ್ರಾಯ್ತು."

ಶುಕ್ರವಾರ ಅಜ್ಜನನ್ನು ಸಾಯಿಸಿಬಿಡುವ ಯೋಚನೆಯೂ ಬಂತು. ಆದರೆ ದೊಡ್ಡಮ್ಮ ಸಾವಿನ ಮನೆಗೂ ಹೋಗಿ ಓದಿ ಹೇಳುವವರು. ಅಪ್ಪ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಯಾಕಲೇ, ಇರಿವಿ ಬಿಟ್ಗೊಂಡೀಯೇನು ಚಡ್ಡ್ಯಾಗ?" ಎಂದರು.

ಭಾನುವಾರ ಹೊರಟೆವು. ದೊಡ್ಡಮ್ಮ ಇಸ್ತ್ರಿ ಮಾಡಿದ ಸೀರೆ ಉಟ್ಟಿದ್ದರು. ಚೀಲದಲ್ಲಿ ಪ್ರೂಫು, ಅಜ್ಜನಿಗೆ ಒಂದು ಡಬ್ಬಿ ಚಕ್ಕುಲಿ, ನಾಯಿಗೆ ಪಾರ್ಲೆ ಬಿಸ್ಕತ್ತು. ಆ ಬಿಸ್ಕತ್ತು ನೋಡಲಾಗದೆ ನಾನು ಚೀಲದ ಜಿಪ್ಪು ಎಳೆದೆ. ಠಾಣೆಯಲ್ಲಿ ಕಿಟಕಿಯ ಸೀಟು ಸಿಕ್ಕಿತು. ದೊಡ್ಡಮ್ಮ ಕಾಂಡ್ಲಾ ಗಿಡ ಕಂಡಲ್ಲೆಲ್ಲ ನನ್ನ ಭುಜಕ್ಕೆ ತಿವಿಯುತ್ತ, ಇಲ್ಲಿ ಉಪ್ಪಿನ ಗದ್ದೆ ಇತ್ತು, ಇಲ್ಲಿ ನೀರಿತ್ತು ಎನ್ನುತ್ತಿದ್ದರು. ನಾನು ಮನಸ್ಸಿನಲ್ಲಿ ಸ್ಟೇಷನ್ನು ಎಣಿಸುತ್ತಿದ್ದೆ. ಬಾಗಿಲಿಗೆ ಬೀಗ ಇನ್ನೂ ಇದ್ದರೆ ಅಜ್ಜ ಈಗಷ್ಟೇ ಹೋದರು ಅನ್ನಬಹುದು. ಇಲ್ಲದಿದ್ದರೆ, ಹತ್ತು ಬೆರಳಿನ ಅಜ್ಜ ಬಾಗಿಲು ತೆಗೆಯುತ್ತಾರೆ.

ತುರ್ಭೆ ಬಂತು. ಮೂಟೆ ಹೊರುವವರ ಒಂದು ಗುಂಪು ನಗುತ್ತ ಬಾಯ್ತುಂಬ ಮಾತಾಡುತ್ತ ಹತ್ತಿತು. ದೊಡ್ಡಮ್ಮ ಚೀಲದಿಂದ ಭರತ-ಇಳಿತದ ಪುಸ್ತಕ ತೆಗೆದರು. ದಿನದಿನದ ನೀರಿನ ಹೊತ್ತು ಅಚ್ಚಾಗಿರುವ ಆ ತೆಳು ಪುಸ್ತಕವನ್ನು ಅವರು ಪಂಚಾಂಗಕ್ಕಿಂತ ನಂಬುತ್ತಾರೆ.

"ಅಜ್ಜ ದೋಣಿಯ ಹತ್ರ ಯಾವಾಗ ಇರ್ತಾರೆ ನೋಡುವ. ನೀನು ಹೋದದ್ದು ಆ ಶನಿವಾರ ಅಲ್ವಾ? ಎಷ್ಟು ಗಂಟೆಗೆ?"

"ನಾಲ್ಕು... ನಾಲ್ಕರ ಹತ್ರ."

ಬೆರಳು ಸಾಲಿನ ಮೇಲೆ ಜಾರಿ ನಿಂತಿತು. ಹಿಂದೆ ಹೋಯಿತು. ಮತ್ತೆ ಅಲ್ಲೇ ಬಂದು ನಿಂತಿತು.

"ಅವತ್ತು ನಾಲ್ಕಕ್ಕೆ ಪೂರ್ತಿ ಇಳಿತ," ಎಂದರು. "ಅಲ್ಲಿ ದೋಣಿಯೆಲ್ಲ ಕೆಸರಲ್ಲಿ ಮಲಗಿರ್ತದೆ. ಅವ್ರ ಕಾಲಿಗೆ ನೀರು ಎಲ್ಲಿಂದ ಬಡೀತು?"

ನಾನು ಕಿಟಕಿಯ ಹೊರಗೆ ನೋಡಿದೆ. ಎರಡು ಬೆರಳು, ನಾಯಿ, ಬಲೆ, ದೂರಕ್ಕೆ ನೆಟ್ಟ ಕಣ್ಣು ಎಲ್ಲವೂ ದೊಡ್ಡಮ್ಮನ ಪರೀಕ್ಷೆ ದಾಟಿದ್ದವು. ಅಲಂಕಾರಕ್ಕೆ ಹಾಕಿದ ಒಂದು ಚೊಂಬು ನೀರಿನಲ್ಲಿ ನಾನು ಮುಳುಗಿದೆ.

"ಇನ್ನು ಆರು ಸ್ಟೇಷನ್ ಉಂಟು. ಹೇಳ್ತಿಯಾ, ಅಲ್ಲ ಅಲ್ಲಿಗೇ ಹೋಗಿ ನೋಡುವುದಾ?"

ಹೇಳಿದೆ. ಬೀಗ, ಶಹಾಡ್, ಸೆಮಿಫೈನಲ್, ಲಂಗರಿನ ಚಿತ್ರ, ಎ ವಿಂಗಿಗೆ ಕೊಟ್ಟ ದೋಣಿ, ಗಿಳಿ ಸಹ ಹೇಳಿದೆ. ದೊಡ್ಡಮ್ಮ ಬೈದಿದ್ದರೆ ಚೆನ್ನಾಗಿತ್ತು. ಅವರು ಪ್ರೂಫಿನ ಆ ಪುಟ ತೆಗೆದು ಮಡಿಲಲ್ಲಿಟ್ಟುಕೊಂಡು, ಸಣ್ಣ ದನಿಯಲ್ಲಿ, "ಪ್ರೆಸ್ಸಿಗೆ ಹೋಗಿದ್ರೆ ಈ ಸಲ ಎಷ್ಟು ಮನೆಗೆ ಹೋಗಿ ತಿದ್ದುವುದು ನಾನು? ಮೊಣಕಾಲು ಉಂಟಾ ನಂಗೆ?" ಎಂದರು.

ನೆರೂಳಿನಲ್ಲಿ, "ಇಳಿ," ಎಂದರು.

"ಮನೆಗಾ?"

"ಶಹಾಡಿಗೆ."

ಮತ್ತೆ ಠಾಣೆ, ಅಲ್ಲಿಂದ ಕಲ್ಯಾಣ, ಅಲ್ಲಿಂದ ಶಹಾಡ್. ಬಂದ ದಾರಿಯನ್ನೆಲ್ಲ ಉಲ್ಟಾ ತಿಂದು, ನಮ್ಮದೇ ಡೊಂಬಿವಲಿಯನ್ನು ಕಿಟಕಿಯಿಂದ ನೋಡಿ ದಾಟಿ ಹೋದೆವು. ದೊಡ್ಡಮ್ಮ ಕೊಡೆಯ ಕೋಲನ್ನು ಉದ್ದಕ್ಕೂ ನೆಲಕ್ಕೆ ಕುಟ್ಟುತ್ತಿದ್ದರು, ಎದುರಿನವರು ಕಾಲು ಮಡಚಿ ಕೂತಿದ್ದರು. ಅಮ್ಮನ ಫೋನು ಬಂತು, ಊಟಕ್ಕೆ ಎಷ್ಟು ಹೊತ್ತಿಗೆ ಅಂತ. "ಇವತ್ತು ನೀರು ಏರುವುದಿಲ್ಲ ಅಂತ ಹೇಳು. ಉಣ್ಲಿ ಅವ್ರು," ಎಂದರು ದೊಡ್ಡಮ್ಮ.

ಶಹಾಡಿನ ಚಾಳಿನಲ್ಲಿ ಅಜ್ಜ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ಟಿವಿಯಲ್ಲಿ ಅಡುಗೆ ಕಾರ್ಯಕ್ರಮ ನೋಡುತ್ತಿದ್ದರು. ನಾನು ಮೊದಲು ನೋಡಿದ್ದು ಅವರ ಕಾಲು. ಹತ್ತೂ ಬೆರಳಿದ್ದವು. ನಾಯಿಯಿರಲಿಲ್ಲ, ಬಿಸ್ಕತ್ತನ್ನು ಅಜ್ಜನೇ ಚಹಾಕ್ಕೆ ಅದ್ದಿ ತಿಂದರು. ಹಡಗಿನಲ್ಲಿ ಅವರು ಅಡುಗೆಯವರಂತೆ. ಅವರ ಮಾತು ಮರಾಠಿಯಲ್ಲಿ, ನಾನು ಇಲ್ಲಿ ಕನ್ನಡಕ್ಕೆ ಇಳಿಸಿದ್ದೇನೆ, ಈ ಸಲ ಕೂದಲೆಳೆಯಷ್ಟೂ ಹಿಗ್ಗಿಸಿಲ್ಲ. ಫೋನಿನಲ್ಲಿ ರೆಕಾರ್ಡಿದೆ.

ಹಡಗು ಎಲ್ಲಿವರೆಗೆ ಬರುತ್ತಿತ್ತು ಅಂತ ಕೇಳಿದೆ. ಏನೂ ಹೇಳಿಕೊಡಲಿಲ್ಲ, ದೊಡ್ಡಮ್ಮನ ಕಣ್ಣು ನನ್ನ ಬಾಯಿಯ ಮೇಲಿತ್ತು.

"ಮಂಜಿ ಒಳಗೆಲ್ಲಿ ಬರ್ತದೆ?" ಎಂದರು ಅಜ್ಜ. "ಕೆಳಗೆ ಆಳ ಇದ್ದಲ್ಲಿ ನಿಲ್ಲಿಸ್ತಿದ್ವಿ. ಅಲ್ಲಿಂದ ಸಪಾಟು ದೋಣಿಗೆ ಹೆಂಚು ಇಳಿಸಿ, ಭರತದಲ್ಲಿ ಗಳ ಊರಿ ಮೇಲೆ ಒಯ್ತಿದ್ರು."

"ಮೇಲೆ ಅಂದ್ರೆ ಎಲ್ಲಿಗೆ?" ಈಗ ಕೇಳಿದವರು ದೊಡ್ಡಮ್ಮ.

"ಡೊಂಬಿವಲಿ ಕಡೆ, ಅರಳಿಮರದ ತಿರುವಿಗೆ. ನಾನೂ ಒಮ್ಮೆ ಹೋಗಿದ್ದೆ, ಮೆಣಸಿನಕಾಯಿ ತರ್ಲಿಕ್ಕೆ. ಭರತ ಇಳಿದ್ರೆ ಅದು ಬರೀ ಕೆಸರು. ಮಂಜಿ ಅಲ್ಲಿ ಹೊಕ್ಕಿದ್ರೆ ಇವತ್ತಿಗೂ ಅಲ್ಲೇ ಇರ್ತಿತ್ತು."

ದೊಡ್ಡಮ್ಮ ಅದನ್ನೇ ಮೂರು ಬೇರೆ ಬೇರೆ ಬಾಗಿಲಿನಿಂದ ಕೇಳಿದರು. ಅಜ್ಜ ಮೂರು ಸಲವೂ ಅದೇ ಹೇಳಿದರು, ಮೂರನೇ ಸಲ ಸ್ವಲ್ಪ ಸಿಟ್ಟಿನಿಂದ. ನನ್ನ ಮೂರು ಕಂಬದ ಹಡಗು ಅಲ್ಲಿಯೇ, ಚಕ್ಕುಲಿ ಡಬ್ಬಿಯ ಪಕ್ಕದಲ್ಲಿ, ಮುಳುಗಿತು. ದೊಡ್ಡಮ್ಮನ ಮುಖ ನೋಡಿದೆ. ಅವರಿಗೆ ನೀರು ಉಳಿದಿತ್ತು. ನೀರು ಬಿ ವಿಂಗಿನವರೆಗೆ ಬರುತ್ತಿತ್ತು, ಅದಕ್ಕೆ ಈಗ ನಿಜವಾದ ಎರಡು ಬಾಯಿ. ಹಡಗು ಬರುತ್ತಿರಲಿಲ್ಲ. ಮೆಟ್ಟಿಲು ಇಳಿಯುವಾಗ ಅವರು, "ಆದ್ರೆ ತಾಂಡೇಲರ ಅಪ್ಪ?" ಎಂದು ತಮಗೆ ತಾವೇ ಹೇಳಿಕೊಂಡರು.

ಆ ಪುಟದಲ್ಲಿ ಹೆಚ್ಚಿನದು ತಾಂಡೇಲರ ಅಪ್ಪನೇ. ದೊಡ್ಡ ಹಡಗಿಗೆ ದಾರಿ ತೋರಿಸಿದವರು. ಹಡಗು ಹೋದರೆ ಅವರೂ ಪುಸ್ತಕದಿಂದ ಹೋಗುತ್ತಾರೆ. ತಾಂಡೇಲರು ಆ ಪುಟಕ್ಕಾಗಿ ಎಷ್ಟು ಕಾದಿದ್ದರು ಎಂದರೆ, ಅಪ್ಪನ ಮಾಸಿದ ಫೋಟೋ ಒಂದನ್ನು ಅಚ್ಚು ಹಾಕಿ ಅಂತ ಕೊಟ್ಟಿದ್ದರು. ಆ ಫೋಟೋ ನಮ್ಮ ಶೋಕೇಸಿನಲ್ಲಿ ನನ್ನ ಕಡೆಗೇ ನೋಡುತ್ತ ಕೂತಿತ್ತು.

"ನಾಳೆ ಸಂಜೆ ಓದಿ ಹೇಳುವುದು ನೀನು," ಎಂದರು ದೊಡ್ಡಮ್ಮ. "ಎಲ್ಲ ಹೇಳ್ಬೇಕು. ನಿನ್ನ ಅಜ್ಜನದ್ದೂ."

ತಾಂಡೇಲರು ಮನೆಯ ಮುಂದಿನ ಕಟ್ಟೆಯ ಮೇಲೆ ಕೂತಿದ್ದರು. ನಾನು ಶಹಾಡಿನ ಮಾತು ಓದಿದೆ. ಅವರ ಹುಬ್ಬು ಮೇಲೇರಿತು. "ಯಾರವನು? ಅಡುಗೆಯವನಾ? ಒಲೆಯ ಮುಂದೆ ಕೂತವನಿಗೆ ಹಡಗು ಎಲ್ಲಿ ನಿಂತಿದೆ ಅಂತ ಏನು ಗೊತ್ತು? ಅನ್ನ ಬೆಂದಲ್ಲಿಗೆ ಬಂದರು ಬಂತು ಅಂದ್ಕೋತಾನೆ!"

ಆಮೇಲೆ ನಾನು ಕಾಮೋಠೆಯ ನನ್ನ ಅಜ್ಜನ ವಿಷಯ ಹೇಳಿದೆ. ಹೇಳುವಾಗ ನೆಲ ನೋಡುತ್ತಿದ್ದೆ. ತಾಂಡೇಲರು ಕಟ್ಟೆಯ ಮೇಲೆ ಕೈ ತಟ್ಟಿ, "ಬಸ್ ಇಥೇ. ಕೂರು ಇಲ್ಲಿ. ಏನೇನು ಹೇಳಿದ ನಿನ್ನ ಅಜ್ಜ? ಪೂರ್ತಿ ಹೇಳು," ಎಂದರು.

ಹೇಳಿದೆ. ಕಾಲಿಗೆ ಬಡಿವ ನೀರು, ಹಗ್ಗಕ್ಕೆ ಹೋದ ಬೆರಳು, ಕುಂಟ ನಾಯಿ. ಅವರು ಕಣ್ಣು ಮುಚ್ಚಿ ಕೇಳಿದರು. ನಾಯಿಯ ಹತ್ತಿರ ಬಾಯಿ ಸ್ವಲ್ಪ ಅಲುಗಿತು. ಹಡಗು ಅರಳಿಮರದ ತಿರುವಿಗೆ ಬಂದು ನಿಂತಾಗ, "ಕಂಬ ಎಷ್ಟು?" ಎಂದು ಕೇಳಿದರು.

"ಮೂರು," ಎಂದೆ.

"ನಮ್ಮಪ್ಪ ನಾಲ್ಕು ಅಂತಿದ್ದ." ಕಣ್ಣು ತೆರೆದರು. "ನಾನು ಎಲ್ಲಿ ನೋಡಿದ್ದೇನೆ? ನಾನು ದೋಣಿ ಹತ್ತುವಷ್ಟರಲ್ಲಿ ಎಲ್ಲ ನಿಂತುಹೋಗಿತ್ತು. ಊಟಕ್ಕೆ ಕೂತಾಗ ಅವನು ಹೇಳ್ತಿದ್ದ, ಹೀಗೇ, ನಿನ್ನ ಹಾಗೇ. ನಾವು ಆರು ಮಕ್ಕಳು. ಬಾಯಿ ತೆರೆದು ಕೇಳ್ತಿದ್ವಿ, ತಟ್ಟೆಯಲ್ಲಿ ಎಷ್ಟಿದೆ ಅಂತ ನೋಡ್ತಿರಲಿಲ್ಲ."

ದೊಡ್ಡಮ್ಮನಿಗೆ ನಾನು ಇದನ್ನು ಕನ್ನಡದಲ್ಲಿ ಹೇಳಬೇಕಾಗಲಿಲ್ಲ. ಅವರು ಪೆನ್ನು ತೆಗೆದು ಪ್ರೂಫನ್ನು ನನ್ನ ಕೈಗೆ ಕೊಟ್ಟರು. ಕಾಮೋಠೆಯ ಪ್ಯಾರಾವನ್ನು ನಾನೇ ಉದ್ದಕ್ಕೆ ಹೊಡೆದೆ. ಮಂಜಿ ಕೆಳಗೇ ನಿಂತಿತು, ಸಪಾಟು ದೋಣಿ ಭರತದಲ್ಲಿ ಮೇಲೆ ಬಂತು, ಅದರ ಮುಂದೆ ದಾರಿ ತೋರಿಸುವ ದೋಣಿಯಲ್ಲಿ ತಾಂಡೇಲರ ಅಪ್ಪ ನಿಂತರು. ಕಳಶ ಮತ್ತು ತಾಳೆಮರ ಅಲ್ಲೇ ಉಳಿದವು. ದೊಡ್ಡ ಹಡಗಿನ ಸಾಲಿಗೆ ಬಂದಾಗ ನಾನು ಪೆನ್ನು ಎತ್ತಿ ತಾಂಡೇಲರ ಕಡೆ ನೋಡಿದೆ.

"ಹೊಡಿಬೇಡ," ಎಂದರು. "ಅಪ್ಪ ಹೇಳ್ತಿದ್ದ ಅಂತ ಬರಿ. ಅದು ಸುಳ್ಳಲ್ಲ. ಅವನು ಹೇಳ್ತಿದ್ದ."

ಬರೆದೆ. ಅವರಿಗೆ ಓದಿ ಹೇಳಿದೆ. ಇನ್ನೊಮ್ಮೆ ಓದು ಎಂದರು, ಇನ್ನೊಮ್ಮೆ ಓದಿದೆ. ಅವರು ತಲೆಯಾಡಿಸಿದರು.

ದೊಡ್ಡಮ್ಮ ಖಾಡಿಯ ಕಡೆ ಕತ್ತು ಚಾಚಿದರು. ದೋಣಿಗಳು ಕೆಸರಿನಿಂದ ಒಂದೊಂದಾಗಿ ಎದ್ದು ಅಲುಗತೊಡಗಿದ್ದವು. "ನೀರು ಏರಿತು, ಏಳು. ನಿನ್ನ ಅಪ್ಪ ತಟ್ಟೆ ಬಡೀತಿರ್ತಾರೆ," ಎಂದರು. ದಾರಿಯಲ್ಲಿ ಸೊಸೈಟಿಯ ಗೇಟಿನ ಹತ್ತಿರ ಪೇಂಟರ್ ಒಬ್ಬ ಬಿ ವಿಂಗಿನ ಗೋಡೆಗೆ ಲಂಗರಿನ ಅರ್ಧ ಬರೆದು, ಬಣ್ಣದ ಡಬ್ಬಿಯ ಮೇಲೆ ಕೂತು ಚಹಾ ಕುಡಿಯುತ್ತಿದ್ದ. ಸೆಕ್ರೆಟರಿ ಪಕ್ಕದಲ್ಲೇ ನಿಂತು ನನ್ನನ್ನು ಕಂಡು ಕೈ ಬೀಸಿದರು. ದೊಡ್ಡಮ್ಮ ನಿಲ್ಲಲಿಲ್ಲ. ಲಿಫ್ಟಿನ ಬಾಗಿಲು ಹಿಡಿದುಕೊಂಡು, "ಅವ್ರಿಗೂ ಹೇಳಿ ಬಾ. ನಾನು ಕಾಯ್ತೇನೆ," ಎಂದರು.